ಪ್ಲಗ್ ಹಿಡಿದ ಕೈ

ನಂಬದವರು ಒಂದು ಕೆಲಸ ಮಾಡಿ. ಕತ್ತಲಾದ ಮೇಲೆ ಜಗಳೂರಿನಿಂದ ನಮ್ಮೂರು ಬಿಳಿಚೋಡಿಗೆ ಕೆಟ್ಟ ಸ್ಕೂಟರ್ ತಳ್ಳಿಕೊಂಡು ಒಬ್ಬರೇ ಬನ್ನಿ. ಆಮೇಲೆ ನನ್ನನ್ನು ಸುಳ್ಳುಗಾರ ಅನ್ನಿ, ಅನ್ನಿಸಿಕೊಳ್ಳುತ್ತೇನೆ.

ಹೋದ ಬೇಸಿಗೆ. ಸಂಜೆಯಿಂದ ಅವ್ವನಿಗೆ ಉಬ್ಬಸ ಏರಿತ್ತು, ಇನ್‌ಹೇಲರ್ ಖಾಲಿ. ಜಗಳೂರಿಗೆ ಹೋಗಿ ಹೊಸದು ತಗೊಂಡು ಜೇಬಿಗಿಟ್ಟು ಹೊರಟೆ. ಅರ್ಧ ದಾರಿಯಲ್ಲಿ ಸ್ಕೂಟರ್ ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು...

ಬೆಳಿಗ್ಗೆ ನಮ್ಮ ಭಾವ ಹಾರನ್ ರಿಪೇರಿಗೆಂದು ಅದರ ಮುಂದಿನ ಮುಚ್ಚಳ ಬಿಚ್ಚಿ ಕೂತಿದ್ದರು. ನೆನಪಾಗಿ ಮೈಯೆಲ್ಲ ಉರಿದುಹೋಯಿತು. ಫೋನ್ ಹಚ್ಚಿದೆ.

“ಏನ್ ಘನಂದಾರಿ ಕೆಲಸ ಮಾಡಿಟ್ಟಿದ್ದೀರಿ ಭಾವ? ಗಾಡಿ ನಿಂತೈತೆ!”

“ನಾನ್ ಮುಟ್ಟಿದ್ದು ಹಾರನ್ನು ಮಾರಾಯ, ಎಂಜಿನ್ ಅಲ್ಲ. ನಿಂಗೆ ಓಡ್ಸಾಕೆ ಬರಲ್ಲ ಅಷ್ಟೆ. ಬೇಗ ಬಾ, ಅತ್ತೆಗೆ ಕೂರಾಕೂ ಆಗ್ತಿಲ್ಲ...”

ಫೋನ್ ಕಟ್. ಮತ್ತೆ ಹತ್ತಲಿಲ್ಲ.

ಹಲ್ಲು ಕಡಿಯುತ್ತಾ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ವೈರು ಸಿಕ್ಕಿಸಿದ ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿಟ್ಟು ಕಿಕ್ ಹೊಡೆದರೆ ತುದಿಯಲ್ಲಿ ಕಿಡಿ ಹಾರಬೇಕು. ಕಿಡಿ ಕಾಣಲೆಂದು ಮೊಬೈಲಿನ ಬೆಳಕು ಆರಿಸಿದೆ. ಕಿಕ್ಕರ್ ಒದ್ದೆ. ಪ್ಲಗ್ ಜಾರಿ ಬಿತ್ತು. ಮತ್ತೆ ಒದ್ದೆ. ಮತ್ತೆ ಜಾರಿತು. ಭಾವನ ಏಳು ತಲೆಮಾರಿಗೂ ಬೈದೆ.

“ನೀ ಒದಿಯಪ್ಪ... ನಾ ಹಿಡ್ಕಂತೀನಿ.”

ಪಕ್ಕದಲ್ಲೇ ಯಾರೋ ಕುಕ್ಕರುಗಾಲಲ್ಲಿ ಕೂತಂತಿತ್ತು. ಕುರಿ ವಾಸನೆ, ನೆಂದ ಕಂಬಳಿಯ ವಾಸನೆ. ಯಾರೋ ಕುರಿ ಕಾಯುವವರು ಅಂದುಕೊಂಡೆ. ಮಳೆ ಬಂದು ನಾಲ್ಕು ತಿಂಗಳಾಗಿತ್ತೆಂಬುದು ಆಗ ಹೊಳೆಯಲೇ ಇಲ್ಲ.

ಒದ್ದೆ. ಕಿಡಿ ಇಲ್ಲ. ಆ ಸಿಟ್ಟೆಲ್ಲ ಅವರ ಮೇಲೆ ತಿರುಗಿತು.

“ಏನ್ರೀ, ಕೈಯಾಗೆ ಜೀವ ಇಲ್ಲೇನ್ರೀ? ಗಟ್ಟಿ ಹಿಡೀರಿ!”

ಗಾಡಿಯ ಮುಂದಕ್ಕೆ ಬಂದೆ.

ಭಾವ ಬಿಚ್ಚಿದ್ದ ಮುಚ್ಚಳದೊಳಗೆ ಕೈಯಾಡಿಸಿದೆ. ಹಾರನ್ನಿನ ಪಕ್ಕ ಒಂದು ವೈರು ಸುಲಿದುಹೋಗಿ ಗಾಡಿಯ ಕಬ್ಬಿಣದ ಮೈಗೆ ಒತ್ತಿಕೊಂಡಿತ್ತು. ಕೀಲಿ ಆಫ್ ಮಾಡಿದಾಗ ಎಂಜಿನ್ ನಿಲ್ಲಿಸುವ ವೈರು ಅದು! ಕಿತ್ತು ಬಿಸಾಕಿ, ಜೋರಾಗಿ ಒದ್ದೆ.

ಚಟ್... ಚಟ್... ಚಟ್...

ನೀಲಿ ಬೆಳಕಿನಲ್ಲಿ ಕೈಯೊಂದು ಕಂಡಿತು. ಸುಕ್ಕುಗಟ್ಟಿದ ಬೆರಳುಗಳು. ಕಿಡಿ ಹಾರುವ ತುದಿಯನ್ನೇ ಅಮುಕಿ ಹಿಡಿದಿದ್ದವು. ಬೆರಳ ಮೇಲೇ ಕಿಡಿ ಹಾರುತ್ತಿತ್ತು. ಕೈ ಅಲುಗಲಿಲ್ಲ.

“ಬಿಡ್ರೀ! ಶಾಕ್ ಹೊಡಿತೈತೆ!”

“ಹೊಡೀಲಿ ಬಿಡಪ್ಪ... ನೀ ಅವ್ವನ ತಾವ ಹೋಗು.”

ಅವ್ವನ ಮಾತನ್ನು ನಾನು ಅವರೆದುರು ಆಡಿದ್ದೆನೇ? ಬೈಗುಳದ ನಡುವೆ ಆಡಿದ್ದಿರಬಹುದು... ನೆನಪಾಗುತ್ತಿಲ್ಲ. ಮೊಬೈಲ್ ಬೆಳಕು ಹಾಕಿದೆ. ಪ್ಲಗ್ ಎಂಜಿನ್ ಮೇಲೆ ನೆಟ್ಟಗೆ ಕೂತಿತ್ತು, ಯಾರೋ ಈಗಷ್ಟೇ ಜೋಡಿಸಿಟ್ಟ ಹಾಗೆ. ಸುತ್ತ ಬಯಲು. ಹೆಜ್ಜೆ ಸದ್ದಿಲ್ಲ, ಕುರಿಯ ಸದ್ದೂ ಇಲ್ಲ.

ಪ್ಲಗ್ ತಿರುಪಿ ಗಾಡಿ ಹೊಡೆದವನು ಮನೆ ಹೇಗೆ ಸೇರಿದೆನೋ. ಅವ್ವ ಎರಡು ಸಲ ಔಷಧಿ ಎಳೆದುಕೊಂಡು ಗೋಡೆಗೊರಗಿದಳು. ಅವಳ ಉಸಿರು ಹದಕ್ಕೆ ಬಂತು.

ಬೆಳಿಗ್ಗೆ ಕಥೆ ಕೇಳಿದ ಭಾವ ನಕ್ಕು, ಪ್ಲಗ್ ಬಿಚ್ಚಿ ತುದಿ ಹಿಡಿದರು. “ಪುಕ್ಕಲ! ಚೋಟುದ್ದ ಪ್ಲಗ್ಗು, ಅದೇನು ಕರೆಂಟ್ ಕಂಬವಾ? ಒದಿ, ನಾ ಹಿಡ್ಕಂತೀನಿ.”

ಅದೇ ಮಾತು. ಬೇಡ ಅನ್ನಬೇಕಿತ್ತು. ಆದರೆ ರಾತ್ರಿಯ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಒದ್ದೆ.

“ಯವ್ವಾ!” ಎಂದು ಭಾವ ಹಾರಿ ಕೊಟ್ಟಿಗೆ ಬಾಗಿಲಿಗೆ ಬಿದ್ದರು. ಅಕ್ಕ ನಕ್ಕಳು, ಅವ್ವ ಕೆಮ್ಮು ಬರುವಷ್ಟು ನಕ್ಕಳು.

ನನಗೆ ನಗು ಬರಲಿಲ್ಲ. ಜೀವ ಇರುವ ಕೈ ಹಾಗೆ ಹಾರುತ್ತದೆ. ಆ ರಾತ್ರಿಯ ಕೈಗೆ, ಗಟ್ಟಿ ಹಿಡೀರಿ ಎಂದು ಗದರಿದವನು ನಾನು.