ನಡೆಯುವ ಗ್ರೈಂಡರ್ ಮತ್ತು ಏನೂ ಬೇಡದ ಮಾಲತಿ

ನಮ್ಮ ಮನೆಯ ಗ್ರೈಂಡರ್‌ಗೆ ನಡೆಯುವ ಚಟವಿದೆ. ನೆನೆದ ಅಕ್ಕಿ ಹಾಕಿ ಸ್ವಿಚ್ ಒತ್ತಿದರೆ ಸಾಕು, ಅಡುಗೆಕಟ್ಟೆಯ ಮೂಲೆಯಿಂದ ಹೊರಟು, ಯಾರೂ ಗಮನಿಸುತ್ತಿಲ್ಲವೆಂಬ ಧೈರ್ಯದಲ್ಲಿ ಇಂಚಿಂಚೇ ಅಂಚಿನ ಕಡೆಗೆ ಸರಿಯುತ್ತದೆ. ಅದರ ಅಡಿಯ ರಬ್ಬರ್ ಕಾಲುಗಳಲ್ಲೊಂದು ಯಾವ ಕಾಲದಲ್ಲೋ ಕಳಚಿಹೋಗಿದೆ. ಹಾಗಾಗಿ ಹಿಟ್ಟು ನುಣ್ಣಗಾಗುವವರೆಗೆ ನಾನು ಒಂದು ಕೈಯನ್ನು ಅದರ ಮುಚ್ಚಳದ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ನಿಂತಿರುತ್ತೇನೆ. ನೋಡಿದವರಿಗೆ ನಾನು ಅದಕ್ಕೆ ಆಶೀರ್ವಾದ ಮಾಡುತ್ತಿರುವಂತೆ ಕಾಣುತ್ತದೆಯಂತೆ.

ನಮ್ಮ ಮನೆಯ ಗ್ರೈಂಡರ್ ಎಂದೆನಲ್ಲ, ಆ ಮಾತನ್ನು ತುಸು ತಿದ್ದಬೇಕು. ಕಂಪನಿ ಕಳಿಸಿದಾಗ ನೈರೋಬಿಗೆ ಬಂದು, ಕಂಪನಿ ಕರೆದಾಗ ಬೆಂಗಳೂರಿಗೆ ಹೊರಡುವ ನಮ್ಮಂಥ ಕುಟುಂಬಗಳ ನಡುವೆ ಅದು ಕೈಯಿಂದ ಕೈಗೆ ದಾಟಿಕೊಂಡು ಬಂದದ್ದು. ಊರಿಗೆ ಮರಳುವವರು ಅದನ್ನು ಹೊಸದಾಗಿ ಬಂದವರಿಗೆ ಕೊಟ್ಟುಹೋಗಬೇಕು. ಹಾಗೆಂದು ಯಾರೂ ಬರೆದಿಟ್ಟಿಲ್ಲ, ಆದರೆ ಈವರೆಗೆ ಯಾರೂ ಮೀರಿಯೂ ಇಲ್ಲ. ಅದರ ಹೊಟ್ಟೆಯ ಮೇಲೆ ಹಿಂದಿನ ಮನೆಯ ಮಗು ಅಂಟಿಸಿದ ಜಿರಾಫೆಯಿದೆ, ಅದಕ್ಕೂ ಹಿಂದಿನ ಮನೆಯವರು ಆಯುಧಪೂಜೆಯಂದು ಇಟ್ಟ ಕುಂಕುಮದ ಕಲೆಯಿದೆ. ಯಾರಾದರೂ ಗ್ರೈಂಡರ್ ಕೊಟ್ಟರೆಂದರೆ, ಅವರ ಟಿಕೆಟ್ ಆಯಿತೆಂದೇ ನಮ್ಮಲ್ಲಿ ಅರ್ಥ.

ಅದನ್ನು ಹಿಡಿದು ನಿಲ್ಲುವ ಹೊತ್ತಿನಲ್ಲೇ ನನಗೆ ಕಾದಂಬರಿ ಬರೆಯುವ ಹಂಬಲ ಹುಟ್ಟಿದ್ದು. ನಾಯಕಿಯ ಹೆಸರು ಮಾಲತಿ. ಅಪರಿಚಿತ ಊರಿಗೆ ಬಂದು ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ಅರ್ಧ ಬರೆದು ಫ್ಲೇವಿಯಾಗೆ ಓದಲು ಕೊಟ್ಟೆ. ಫ್ಲೇವಿಯಾ ಮಂಗಳೂರಿನವರು, ಇಲ್ಲಿನ ಸೌತ್ ಸಿ ಬಡಾವಣೆಯಲ್ಲಿ ಮನೆ. ಮನೆಮಾತು ಕೊಂಕಣಿಯಾದರೂ ಕನ್ನಡ ಕಾದಂಬರಿಗಳನ್ನು ಹುರಿದ ಕಡಲೆಯ ಹಾಗೆ ಮುಗಿಸುವವರು. ನನ್ನ ಹಸ್ತಪ್ರತಿಯನ್ನು ಮಾತ್ರ ಮೂರು ವಾರ ಅಗಿದರು.

"ಅಲ್ಲ ಮಾರಾಯ್ರೆ, ನಿಮ್ಮ ಮಾಲತಿಗೆ ಒಂದು ಶೀತ ಕೂಡ ಆಗುವುದಿಲ್ಲ ಅಲ್ವಾ? ಪಕ್ಕದ ಮನೆಯವ್ರು ಪಾಠದ ಗಲಾಟೆಗೆ ಬೈಲಿಕ್ಕೆ ಬಂದ್ರು ಅಂತ ನಾನು ಖುಷಿಯಲ್ಲಿ ಪೇಜ್ ತಿರುಗಿಸಿದ್ರೆ, ಅವ್ರೂ ಕೂತು ತಾಳ ಹಾಕ್ತಾರೆ!"

"ಮುಂದೆ ಒಂದು ಜಗಳ ಇಟ್ಟಿದ್ದೀನಿ," ಎಂದೆ.

"ಬರೀ ಜಗಳ ನಮ್ಮ ಮನೆಯಲ್ಲೂ ಉಂಟು, ಟಿ.ವಿ. ರಿಮೋಟಿಗೆ. ಅದರಲ್ಲಿ ಕಾದಂಬರಿ ಆಗ್ತದಾ? ಇವಳಿಗೆ ಏನು ಬೇಕು, ಅದು ಹೇಳಿ. ಏನೂ ಬೇಡದವಳಿಗೆ ಯಾರು ಅಡ್ಡ ನಿಂತರೆ ಏನು?"

ನಾನು ನಕ್ಕೆ, ಒಪ್ಪಿದೆ, ಇನ್ನೊಂದು ಲೋಟ ಕಾಫಿ ಕೊಟ್ಟೆ. ಅವರು ಹೋದ ಮೇಲೆ ಸಿಟ್ಟು ಬಂತು. ಮೈಸೂರಿನ ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳಿದವಳು ನಾನು. ಸಂಘರ್ಷವೇ ಕಾದಂಬರಿಯ ಜೀವಾಳ. ಮನುಷ್ಯನಿಗೂ ಮನುಷ್ಯನಿಗೂ, ಮನುಷ್ಯನಿಗೂ ಪ್ರಕೃತಿಗೂ, ಮನುಷ್ಯನಿಗೂ ಅವನ ಅಂತರಂಗಕ್ಕೂ ಹೀಗೆ ಅದರಲ್ಲಿ ಮೂರು ವಿಧ ಎಂದು ಉಕ್ತಲೇಖನ ಕೊಟ್ಟವಳು. "ಮೇಡಂ, ಮೂರರಲ್ಲಿ ಯಾವುದು ಪರೀಕ್ಷೆಗೆ ಬರುತ್ತೆ?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದಳು. ಅಥವಾ ಹಾಗೆ ಕೇಳಿದ್ದು ನಾನೇ, ನಾನು ವಿದ್ಯಾರ್ಥಿನಿಯಾಗಿದ್ದಾಗಲೋ? ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಪೆದ್ದು ಮಾತುಗಳನ್ನೆಲ್ಲ ಅದು ಹಿಂದಿನ ಬೆಂಚಿಗೆ ವರ್ಗಾಯಿಸುತ್ತದೆ. ಈ ಅಪನಂಬಿಕೆಯಿಂದಲೇ ದಿನಚರಿ ಬರೆಯುತ್ತೇನೆ. ಆದರೆ ದಿನಚರಿಯೂ ನನ್ನ ಕೈಬರಹವೇ ತಾನೆ? ನೈರೋಬಿಗೆ ಬರುವ ವಿಚಾರವಾಗಿ ನನಗೂ ನನ್ನ ಗಂಡ ಸುಧೀಂದ್ರರಿಗೂ ಜೋರು ಮಾತಾಗಿತ್ತೆಂದು ನನ್ನ ನೆನಪು. ಆ ದಿನದ ಪುಟ ತೆಗೆದರೆ "ತಲೆನೋವು, ಬೇಗ ಮಲಗಿದೆ" ಎಂದಷ್ಟೇ ಇದೆ.

ಆ ವಾರವೇ ಒಂದು ಫೋನ್ ಬಂತು.

"ಅಕ್ಕಾ, ನಾನು ರಮ್ಯಾ, ಚೇತನ್ ವೈಫು. ಸುಧೀಂದ್ರ ಸರ್ ಆಫೀಸಿಗೆ ಹೊಸದಾಗಿ ಬಂದ್ರಲ್ಲ, ಅವ್ರು. ಗ್ರೈಂಡರ್ ನಮಗೇ ಅಂತ ಸರ್ ಹೇಳಿದ್ರಂತೆ. ಶನಿವಾರ ಬಂದು ತಗೊಂಡು ಹೋದ್ರೆ ತೊಂದ್ರೆ ಇಲ್ವಾ?"

"ತೊಂದ್ರೆ ಏನಮ್ಮಾ, ಬನ್ನಿ ಬನ್ನಿ. ತಿಂಡಿಗೇ ಬಂದ್ಬಿಡಿ," ಎಂದೆ.

ಫೋನ್ ಇಟ್ಟ ಮೇಲೆಯೇ ಆ ಮಾತಿನ ಅರ್ಥ ನನ್ನನ್ನು ತಲುಪಿದ್ದು. ಸೌಜನ್ಯ ನನ್ನಲ್ಲಿ ಬುದ್ಧಿಗಿಂತ ವೇಗವಾಗಿ ಓಡುತ್ತದೆ.

ಬೆಂಗಳೂರಿನ ಆಫೀಸು ಸುಧೀಂದ್ರರನ್ನು ವಾಪಸ್ ಕರೆಯುತ್ತಿದೆಯೆಂದು ನನಗೆ ತಿಳಿದಿತ್ತು. ಅವರು "ನೋಡೋಣ" ಎಂದಿದ್ದರು, ನಾನು "ಸವಾ" ಎಂದಿದ್ದೆ. ಆಗಲಿ, ಸರಿ ಎಂದು ಅರ್ಥ ಕೊಡುವ ಈ ಸ್ವಾಹಿಲಿ ಪದವನ್ನು ನಾನು ಇಲ್ಲಿಗೆ ಬಂದ ಮೊದಲ ದಿನವೇ ಕಲಿತೆ. ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನಲ್ಲಿ ಒತ್ತಿ ಕೂರಿಸಿದರೂ ಸವಾ, ತರಕಾರಿಯಂಗಡಿಯವಳು ಮೆತ್ತಗಾದ ಟೊಮೆಟೊ ಹಾಕಿದರೂ ಸವಾ. ಆದರೆ ನಮ್ಮ ಮಗಳು ಅನ್ವಿಗೆ ಲ್ಯಾವಿಂಗ್ಟನ್ನಿನ ಈ ಶಾಲೆಯಲ್ಲಿ ಇನ್ನೂ ಎರಡು ವರ್ಷ ಬಾಕಿ. ಅದು ಮುಗಿಯುವವರೆಗೆ ನನಗೆ ಇಲ್ಲಿಂದ ಕದಲುವ ಮನಸ್ಸಿರಲಿಲ್ಲ. ಅವಳಿಗಾಗಿಯೋ, ಅಥವಾ ಬರೆಯಲು ಕೂತರೆ ಕರೆಗಂಟೆ ಒತ್ತುವ ನೆಂಟರಿಲ್ಲದ ಈ ಮನೆಗಾಗಿಯೋ ಎಂದು ಕೇಳಿಕೊಂಡರೆ, ಪ್ರಾಮಾಣಿಕ ಉತ್ತರ ಒಂದೊಂದು ದಿನ ಒಂದೊಂದು.

ಗ್ರೈಂಡರ್ ಸುದ್ದಿ ಕೇಳಿದ ಅನ್ವಿ ತಕ್ಷಣ, "ಸೋ, ವಿ ಆರ್ ಲೀವಿಂಗ್?" ಎಂದಳು.

"ಗೊತ್ತಿಲ್ಲ ಪುಟ್ಟಾ. ಅಪ್ಪ ಏನೂ ಹೇಳಿಲ್ಲ."

"ಡಿಡ್ ಯು ಆಸ್ಕ್?"

"ಟೈಮ್ ನೋಡಿ ಕೇಳ್ತೀನಿ."

"ಅಮ್ಮಾ, ಯು ಗೈಸ್ ನೆವರ್ ಫೈಟ್. ಯು ಜಸ್ಟ್ ಬಫರ್."

ವಿಡಿಯೊ ನಿಂತುಹೋಗಿ ಪರದೆಯ ನಡುವೆ ಚಕ್ರವೊಂದು ಸುಮ್ಮನೆ ಸುತ್ತುತ್ತದಲ್ಲ, ಅದು ಬಫರಿಂಗ್. ನನಗೆ ಗ್ರೈಂಡರ್‌ನ ಮೇಲಿನ ತಿರುಪು ನೆನಪಾಯಿತು. ಅದು ಸಡಿಲವಾದರೆ ಗುಂಡುಕಲ್ಲುಗಳು ತಳದ ಕಲ್ಲಿಗೆ ತಾಗುವುದಿಲ್ಲ; ಗಂಟೆಗಟ್ಟಲೆ ತಿರುಗಿದರೂ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ.

ಮುಂದಿನ ನಾಲ್ಕೈದು ದಿನ ನಾನು ಕೂತಲ್ಲಿ ಕೂರಲಾರದೆ ಮಾಲತಿಯ ಮೇಲೆ ಮುಗಿಬಿದ್ದೆ. ಅವಳ ಮನೆಗೆ ಕಳ್ಳರನ್ನು ನುಗ್ಗಿಸಿದೆ, ಬೀದಿಗೆ ನೆರೆ ತಂದೆ, ಕೊನೆಗೆ ಪಾಪ, ತಂಬೂರಿಯ ತಂತಿಯನ್ನೂ ಕಡಿದೆ. ಅವಳು ಎಲ್ಲಕ್ಕೂ ಕೈಮುಗಿದು ನಿಂತಳು, ಕಥೆ ಕದಲಲಿಲ್ಲ. ಆಗ ಫ್ಲೇವಿಯಾರ ಮಾತು ನಿಧಾನವಾಗಿ ಒಳಗಿಳಿಯಿತು. ಅವಳಿಗೆ ಏನೂ ಬೇಡವಾಗುವಂತೆ ನೋಡಿಕೊಂಡವಳು ನಾನೇ. ಏನಾದರೂ ಬೇಕು ಎಂದವಳು ಯಾರೋ ಒಬ್ಬರ ಮುಖ ಬಾಡಿಸಲೇಬೇಕಾಗುತ್ತದಲ್ಲ! ಆ ಇನ್ನೊಬ್ಬರು ಕೆಟ್ಟವರಾಗಿದ್ದರೆ ಅದೂ ಸುಲಭ. ಸುಧೀಂದ್ರ ಕೆಟ್ಟವರಲ್ಲ. ಅಪ್ಪರ್ ಹಿಲ್‌ನ ಆಫೀಸಿನ ಗಾಜಿನ ಕಟ್ಟಡದಲ್ಲಿ ಅವರಿಗಿಂತ ಕಿರಿಯರು ಅವರನ್ನು ದಾಟಿ ಮೇಲಿನ ಮಹಡಿಗಳಿಗೆ ಹೋಗಿದ್ದಾರೆ. ಬೆಂಗಳೂರಿನಲ್ಲಿ ಈಗ ಖಾಲಿಯಿರುವ ಕುರ್ಚಿ ಇನ್ನೊಮ್ಮೆ ಖಾಲಿಯಾಗುವ ಹೊತ್ತಿಗೆ ಅವರ ನಿವೃತ್ತಿ ಬಂದಿರುತ್ತದೆ. ಅವರ ಆಸೆ ನ್ಯಾಯವಾದದ್ದು, ನನ್ನದೂ ನ್ಯಾಯವಾದದ್ದು, ಎರಡಕ್ಕೂ ಒಂದೇ ಮನೆಯಲ್ಲಿ ಜಾಗವಿಲ್ಲ. ನಾನು ಉಕ್ತಲೇಖನ ಕೊಟ್ಟ ಮೂರು ವಿಧಗಳಲ್ಲಿ ಇದು ಇರಲಿಲ್ಲ.

ಶನಿವಾರ ಬಂತು. ರಮ್ಯಾ, ಚೇತನ್ ಇಡ್ಲಿ ತಿಂದು ಹೊಗಳಿದರು. ವಾರದ ರೂಢಿಯಂತೆ ನಾನು ಮತ್ತೆ ಅಕ್ಕಿ ರುಬ್ಬಲು ಹಾಕಿ, ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದೆ. ಚೇತನ್ ಗ್ರೈಂಡರ್ ಸುತ್ತಲು ಹಳೆಯ ಬೆಡ್‌ಶೀಟ್ ಕೂಡ ತಂದಿದ್ದ.

"ಇದು ಲಾಸ್ಟ್ ಬ್ಯಾಚು. ಇನ್ನು ಮೇಲೆ ಇದರ ಹಿಂದೆ ಓಡೋದು ನಿಮ್ಮ ಪಾಡು," ಎಂದು ಸುಧೀಂದ್ರ ನಕ್ಕರು.

ಎಲ್ಲರೂ ನನ್ನ ಕಡೆ ನೋಡಿದರು. ನಾಲಿಗೆಯ ತುದಿಯಲ್ಲಿ ಸವಾ ಸಿದ್ಧವಾಗಿತ್ತು.

"ಇಲ್ಲ ರಮ್ಯಾ, ಗ್ರೈಂಡರ್ ಈಗ ಕೊಡಲ್ಲ," ಎಂದೆ. ನನ್ನ ಧ್ವನಿ ನನಗೇ ಪರಿಚಯವಾಗಲಿಲ್ಲ. "ಫ್ರಿಜ್ಜಲ್ಲಿ ಹಿಟ್ಟಿದೆ, ತಗೊಂಡು ಹೋಗಿ. ಡಬ್ಬಿ ನಿಧಾನಕ್ಕೆ ಕೊಡಿ."

"ಅಯ್ಯೋ, ಪರವಾಗಿಲ್ಲ ಅಕ್ಕಾ," ಎಂದು ರಮ್ಯಾ ಗಂಡನ ಕೈಯಿಂದ ಬೆಡ್‌ಶೀಟ್ ಕಿತ್ತುಕೊಂಡು ಮಡಿಸಿದ್ದನ್ನೇ ಮತ್ತೆ ಮಡಿಸಿದಳು. ಡಬ್ಬಿಯೊಂದಿಗೆ ಅವರು ಇಳಿದುಹೋದ ವೇಗ ನೋಡಿದರೆ, ಮತ್ತೆ ನಮ್ಮ ಮನೆಗೆ ಬರುವುದು ಅನುಮಾನ.

"ಅವರ ಮುಂದೆ ಹೇಳ್ಬೇಕಿತ್ತಾ?" ಎಂದರು ಸುಧೀಂದ್ರ.

"ಅವರಿಗೆ ಮೊದಲು ಹೇಳಿದ್ದು ಯಾರು? ನನಗಿಂತ ಮೊದಲು?"

"ನಿನಗೆ ಹೇಳಿದ್ರೆ ಸವಾ ಅಂತೀಯ. ಅದು ಹೂಂ ಅಂತಾನೋ ಊಹೂಂ ಅಂತಾನೋ ಇಷ್ಟು ವರ್ಷ ಆದ್ರೂ ನನಗೆ ಗೊತ್ತಾಗಿಲ್ಲ ಕಣೇ. ಅದಕ್ಕೇ ಕೇಳೋಕೆ ಭಯ."

"ಊಹೂಂ ಅಂತ. ಈಗ ಗೊತ್ತಾಯ್ತಾ? ಅನ್ವಿ ಸ್ಕೂಲ್ ಮುಗಿಯೋವರೆಗೂ ನಾನು ಬರಲ್ಲ ರೀ."

"ಹಾಗಾದ್ರೆ ನಾನು? ಇನ್ನೊಂದು ಸಲ ನನ್ನ ಯಾರು ಕರೀತಾರೆ, ಹೇಳು!"

ಅವರ ಕಣ್ಣು ತುಂಬಿದ್ದನ್ನು ಕಂಡೆ. ಮಾಮೂಲಿನಂತೆ ಅಲ್ಲಿಗೇ ಸುಮ್ಮನಾಗಿ ಕಾಫಿಗಿಡಬೇಕಿತ್ತು. ಇಡಲಿಲ್ಲ. ಮಾತಿನ ಭರದಲ್ಲಿ ಕೈ ಯಾವಾಗಲೋ ಮುಚ್ಚಳ ಬಿಟ್ಟಿತ್ತು. "ಅಮ್ಮಾ! ಗ್ರೈಂಡರ್!" ಎಂದು ಅನ್ವಿ ಬಾಗಿಲಲ್ಲಿ ಕಿರುಚಿದಾಗ ಅದರ ಒಂದು ಕಾಲು ಆಗಲೇ ಗಾಳಿಯಲ್ಲಿತ್ತು. ಈ ಕಡೆಯಿಂದ ನಾನು, ಆ ಕಡೆಯಿಂದ ಸುಧೀಂದ್ರ ಒಟ್ಟಿಗೆ ಹಿಡಿದುಕೊಂಡೆವು. ಹಿಡಿದುಕೊಂಡೇ, ಅದರ ಗದ್ದಲವನ್ನು ಮೀರಿಸಿ, ಜಗಳ ಮುಂದುವರಿಸಿದೆವು. ಸ್ವಿಚ್ ಆರಿಸಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಯಾರು ಗೆದ್ದರೆಂದು ನೀವು ಕೇಳಿದರೆ, ಇನ್ನೂ ಯಾರೂ ಇಲ್ಲ. ಸೋಮವಾರ ಸುಧೀಂದ್ರ ಬೆಂಗಳೂರಿಗೆ ಉತ್ತರ ಬರೆಯುತ್ತಾರೆ. ಕಳಿಸುವ ಮೊದಲು ನನಗೆ ತೋರಿಸಬೇಕೆಂದು ಒಪ್ಪಂದವಾಗಿದೆ. ಮಾಲತಿಗೂ ಈಗ ಏನೋ ಬೇಕಾಗಿದೆ, ಪಕ್ಕದ ಮನೆಯವರು ತಾಳ ಹಾಕುವುದನ್ನು ನಿಲ್ಲಿಸಿ ಬಾಗಿಲು ಬಡಿಯುತ್ತಿದ್ದಾರೆ. ದಿನಚರಿಯಲ್ಲಿ ಅಂದು "ತಲೆನೋವು" ಎಂದು ಬರೆದು, ಹೊಡೆದುಹಾಕಿ, "ಜಗಳ" ಎಂದು ಬರೆದೆ. ಅತಿಯಾಗಿ ಅರೆದ ಹಿಟ್ಟು ಬಿಸಿಯೇರಿ ಮರುದಿನದ ಇಡ್ಲಿಗಳು ಕಲ್ಲಾದವು. ಮೂವರೂ ಚಟ್ನಿಯಲ್ಲಿ ಅದ್ದಿ ತಿಂದೆವು, ಯಾರೂ ಚೆನ್ನಾಗಿದೆಯೆನ್ನಲಿಲ್ಲ. ಗ್ರೈಂಡರ್ ಮಾತ್ರ ಜಿರಾಫೆಯ ಸಮೇತ ತನ್ನ ಮೂಲೆಯಲ್ಲಿದೆ, ಮುಂದಿನ ಶನಿವಾರದ ನಡಿಗೆಗೆ ಕಾಯುತ್ತ.