ಮಜ್ಜಿಗೆಗೆ ಬಿದ್ದ ಜಿಂಕ್

ಐರಣಿಯ ಮಹೇಶ್ವರಿಗೆ ಗಂಡನ ಹೆಸರೆತ್ತಿದರೆ ಈಗ ಮೈಯೆಲ್ಲ ಉರಿ. ಉರಿಯದೆ ಏನು ಮಾಡೀತು? ಇಪ್ಪತ್ತು ವರ್ಷ ಟೊಮೆಟೊ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡಿದವಳು. ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸುವುದರಲ್ಲಿ ಅವಳದು ಎತ್ತಿದ ಕೈ. ದೊಡ್ಡ ಕರುಳಿನಲ್ಲಿ ಹುಣ್ಣಾಗಿ, ದಿನಕ್ಕೆ ಹತ್ತು ಸಲ ರಕ್ತ ಹೋಗಿ, ಮೂರು ವರ್ಷ ಮನೆ ಹಿಡಿದಳು. ಹಾವೇರಿಯ ಡಾಕ್ಟರಮ್ಮ ಕೊಟ್ಟ ಮಾತ್ರೆಯಿಂದ ಈ ವರ್ಷವಷ್ಟೇ ಮತ್ತೆ ಪ್ಲಾಟಿಗೆ ಇಳಿದಿದ್ದಳು.

ಗಂಡ ಚನ್ನೇಶ ರಾಣೆಬೆನ್ನೂರಿನ ಗೊಬ್ಬರದ ಅಂಗಡಿಯಲ್ಲಿ ಕೆಲಸದವನು. ಮಹಾ ತಿಳಿದವನು! ರೈತರು ಎಲೆ ಹಳದಿ ಎಂದರೆ ಸಾಕು, ಜಿಂಕಿನ ಬಾಟಲಿ ತೆಗೆದು ಮುಂದಿಡುತ್ತಿದ್ದ. ಒಮ್ಮೆ ಇಬ್ಬರೂ ಹಾವೇರಿಗೆ ಹೋದಾಗ ಡಾಕ್ಟರಮ್ಮ ಮಾತಿಗೆ ಹೇಳಿದರು: "ಜಿಂಕಿನ ನ್ಯಾನೊ ಕಣದಿಂದ ಕರುಳಿನ ಉರಿಯೂತ ಇಳೀತೈತೇನು ಅಂತ ನೋಡಾಕತ್ತಾರ. ಇನ್ನೂ ಇಲಿ ಮ್ಯಾಲ ನಡದೈತಿ. ನೀವು ಮಾತ್ರಿ ಬಿಡಬ್ಯಾಡ್ರಿ." ಚನ್ನೇಶನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ.

ಅಲ್ಲಿಂದ ಬಂದ ಹದಿನೈದು ದಿನದಲ್ಲಿ ಮಹೇಶ್ವರಿಗೆ ವಾಂತಿ, ಹೊಟ್ಟೆನುಲಿತ, ಮತ್ತೆ ರಕ್ತ. ಪ್ಲಾಟು ನೋಡಿಕೊಳ್ಳುವ ಕರೆವ್ವ, "ನಾಳಿಂದ ಬರಬ್ಯಾಡವಾ. ಹೂವು ನಿನಗಂತ ಕಾಯೂದಿಲ್ಲ" ಎಂದುಬಿಟ್ಟಳು. ಮರುದಿನ ಬೆಳಿಗ್ಗೆ ಮಹೇಶ್ವರಿ ಪಾಯಖಾನೆಯಿಂದ ಬಂದು ನೋಡಿದರೆ, ಗಂಡ ಬೆಳೆಗೆ ಹೊಡೆಯುವ ನ್ಯಾನೊ ಜಿಂಕನ್ನು ಮುಚ್ಚಳದಲ್ಲಿ ಅಳೆದು ಅವಳ ಮಜ್ಜಿಗೆಗೆ ಸುರಿಯುತ್ತಿದ್ದಾನೆ!

"ಏನ್ರಿ ಅದು? ಯಾವಾಗಿಂದ ಹಾಕಾಕತ್ತೀರಿ?"

"ಹದಿನೈದು ದಿನ ಆತು. ಡಾಕ್ಟರಮ್ಮ ಹೇಳಿದ್ದು ಇದನ್ನ. ಮದಲ ಕೆಟ್ಟದ್ದೆಲ್ಲಾ ಹೊರಗ ಬೀಳತೈತಿ, ಆಮ್ಯಾಲ ಆರಾಮ."

"ನಿನ್ನ ಬಾಯಾಗ ಮಣ್ಣ ಹಾಕ! ನಾ ಏನು ಗೋವಿನಜೋಳದ ಬೆಳಿ ಏನೋ? ಅಷ್ಟು ಚಲೋ ಇದ್ರ ನೀ ಕುಡಿ, ನನ್ನ ಮುಂದ ಕುಡಿ!"

ಹಿಂಜರಿಯುತ್ತಾನೆ, ಆಗ ತವರಿನವರನ್ನು ಕರೆಸಿ ಮುಖಕ್ಕೆ ಉಗಿಸುತ್ತೇನೆ ಎಂದುಕೊಂಡಳು. ಚನ್ನೇಶ ಲೋಟ ಎತ್ತಿ ಗಟಗಟ ಕುಡಿದು ಮೀಸೆ ಒರೆಸಿಕೊಂಡ. "ಏನಾತೀಗ? ನಿನ್ನ ಸಲುವಾಗೇ ಮಾಡೇನಿ."

ಮಹೇಶ್ವರಿಗೆ ಆಗ ತಿಳಿಯಿತು. ದ್ವೇಷದಿಂದ ಹಾಕಿದ್ದರೆ ಸಿಕ್ಕಿಬಿದ್ದ ಮೇಲಾದರೂ ನಿಲ್ಲಿಸುತ್ತಿದ್ದ. ಇವನು ನಾಳೆಯೂ ಹಾಕುತ್ತಾನೆ, ಕಕ್ಕುಲಾತಿಯಿಂದಲೇ ಹಾಕುತ್ತಾನೆ. ಮಾತ್ರೆ, ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಹಾವೇರಿಯ ದಾರಿ ಹಿಡಿದಳು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿ ಎದ್ದು, ಈಗ ರಾಣೆಬೆನ್ನೂರಿನಲ್ಲಿ ಒಂದು ಬಾಡಿಗೆ ಕೋಣೆ ಮಾಡಿದ್ದಾಳೆ. ರಕ್ತ ನಿಂತಿದೆ. ವಾರಕ್ಕೊಮ್ಮೆ ಚನ್ನೇಶ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

"ಮನಿಗೆ ಬಾ ಮಹೇಶಿ. ನನ್ನ ತಪ್ಪೇನರ ಹೇಳು."

"ಅದು ಗೊತ್ತಾಗೂ ತನಕ ಬರಬ್ಯಾಡ" ಎಂದು ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ.