ಬಾಗಲಕೋಟಿ ಅನ್ನೋ ದನಿ

ಇಳಕಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೀಲಾಬಾಯಿಯ ಕುರ್ಚಿಗೆ ಎದುರಾಗಿ ಕಿಟಕಿ ಇರಲಿಲ್ಲ, ಬೋರ್ಡು ಇತ್ತು. ಊರಲ್ಲಿ ಯಾರಾದರೂ ಫೋನಿನ ಹಿಡಿಕೆ ತಿರುವಿದರೆ ಆ ಬೋರ್ಡಿನ ಮೇಲಿನ ಸಣ್ಣದೊಂದು ಶಟರು ಟಪ್ಪನೆ ಬೀಳುತ್ತಿತ್ತು. ಅವಳು ಅಲ್ಲಿಗೆ ಪ್ಲಗ್ಗು ಚುಚ್ಚಿ "ನಂಬರ್ ಹೇಳ್ರಿ" ಅನ್ನುತ್ತಿದ್ದಳು. ಸೀರೆ ಅಂಗಡಿಯವರಿಗೆ ಸೊಲ್ಲಾಪುರ ಬೇಕು, ಕಲ್ಲಿನ ಕಾರಖಾನೆಯವರಿಗೆ ಮದ್ರಾಸು ಬೇಕು, ದವಾಖಾನೆಯವರಿಗೆ ಹುಬ್ಬಳ್ಳಿ ಬೇಕು. ಎಲ್ಲರಿಗೂ ಈಗಿಂದೀಗಲೇ ಬೇಕು. ಊರಿನ ಮಾತೆಲ್ಲ ದಿನವಿಡೀ ಅವಳ ಕೈಯಿಂದಲೇ ದಾಟಿ ಹೋಗುತ್ತಿತ್ತು. ಅವಳಿಗಾಗಿ ಬಂದದ್ದು ಮಾತ್ರ ಅದರಲ್ಲಿ ಒಂದೂ ಇರುತ್ತಿರಲಿಲ್ಲ.

ಹೊರಗೂ ಹಾಗೆಯೇ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ, ಎರಡನೇ ಮಾತಿಗೆ ಟ್ರಂಕ್ ಕಾಲ್ ಬೇಗ ಹಾಕಿಕೊಡಿ ಅನ್ನುತ್ತಿದ್ದರು. ಪರವೂರಿನವರಾದರೆ, ಇವಳು ಇಳಕಲ್ಲಿನವಳು ಅಂತ ಗೊತ್ತಾದದ್ದೇ ತಡ, "ಮಗ್ಗದ ಮನಿಯಿಂದನ ಒಂದ್ ಸೀರಿ ಕೊಡಸ್ರಿ, ಅಂಗಡಿ ರೇಟ್ ಬ್ಯಾಡ್ರಿ" ಅನ್ನುತ್ತಿದ್ದರು. ಓಣಿಯ ಹೆಂಗಸರು ಎದುರಾದರೆ ಮುಖಕ್ಕಿಂತ ಮೊದಲು ಹೊಟ್ಟೆ ನೋಡುತ್ತಿದ್ದರು. "ಏನವಾ, ಏನರೆ ಸುದ್ದಿ ಐತೇನು?" ಮದುವೆಯಾಗಿ ವರ್ಷಗಳು ಉರುಳಿದ್ದವು, ಸುದ್ದಿ ಇರಲಿಲ್ಲ. ಗಂಡ ಕಲ್ಲು ಪಾಲಿಶ್ ಮಾಡುವ ಕಾರಖಾನೆಯಲ್ಲಿದ್ದ. ಒಳ್ಳೆಯವನು, ಆದರೆ ಇಡೀ ದಿನ ಯಂತ್ರದ ಸದ್ದಿನಲ್ಲಿ ನಿಂತು ಬಂದವನಿಗೆ ಮನೆಯಲ್ಲಿ ಬೇಕಾದದ್ದು ಸುಮ್ಮನಿರುವುದು.

ಬಾಗಲಕೋಟೆಯ ಆಪರೇಟರ್ ಹೆಂಗಸಿನ ದನಿ ಅವಳಿಗೆ ಸಿಕ್ಕಿದ್ದು ೧೯೭೯ರ ಬೇಸಿಗೆಯಲ್ಲಿ. ಇಳಕಲ್ಲಿನಿಂದ ದೂರದ ಊರಿಗೆ ಹೋಗುವ ಟ್ರಂಕ್ ಕಾಲ್‌ಗಳೆಲ್ಲ ಹುನಗುಂದದ ಮೇಲಿಂದ ಬಾಗಲಕೋಟೆಗೆ ಹೋಗಿ, ಅಲ್ಲಿಂದ ಮುಂದಕ್ಕೆ ದಾಟಬೇಕಿತ್ತು. ಆಪರೇಟರುಗಳು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುವ ರೂಢಿ ಇರಲಿಲ್ಲ. ಊರೇ ಹೆಸರು. ಒಂದು ಮಧ್ಯಾಹ್ನ ಸೊಲ್ಲಾಪುರದವರು ಯಾರನ್ನೋ ಕರೆದು ತರಲು ಹೋಗಿದ್ದರು, ಲೈನು ಹಿಡಿದುಕೊಂಡು ಇಬ್ಬರು ಆಪರೇಟರುಗಳೂ ಕಾಯುತ್ತಿದ್ದರು. ತಂತಿಯ ಆಚೆ ಉದ್ದನೆಯ ಒಂದು ಕೂಗು ಕೇಳಿಸಿತು.

"ಅದೇನ್ರಿ ಬಾಗಲಕೋಟಿ, ಸಪ್ಪಳ?"

"ರೈಲ್ರಿ. ಇವತ್ತ ತಡಾ ಆಗೈತಿ."

"ನಮ್ಮೂರಾಗ ರೈಲಿಲ್ರಿ."

"ಹೌದೇನ್ರಿ? ಹಂಗಾರ ತಡೀರಿ, ಪೂರಾ ಕೇಳ್ರಿ."

ಅವಳು ಬಾಯಿಯ ಮುಂದಿನ ಮೈಕನ್ನು ಕಿಟಕಿಯ ಕಡೆ ತಿರುಗಿಸಿರಬೇಕು. ನೀಲಾಬಾಯಿಯ ಕಿವಿಯೊಳಗೆ ಒಂದಿಡೀ ರೈಲು ನಿಧಾನವಾಗಿ ಹಾದು ಹೋಯಿತು. ಯಾರಿಗೂ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಅಲ್ಲಿಂದ ಅದು ದಿನದ ಮಾತಾಯಿತು. ಉಂಡ ಮೇಲೆ ಬಜಾರು ಬಾಗಿಲೆಳೆದುಕೊಂಡು ಬಿಸಿಲಿಗೆ ಮಲಗುವ ಹೊತ್ತಿನಲ್ಲಿ ಬೋರ್ಡು ಸುಮ್ಮನಿರುತ್ತಿತ್ತು. ಲೈನು ಸರಿಯಿದೆಯೇ ಅಂತ ಆಗ ಒಮ್ಮೆ ಮಾತಾಡಿ ನೋಡಬೇಕೆನ್ನುವುದು ಇಲಾಖೆಯ ನಿಯಮ. ಇವರಿಬ್ಬರು ನಿಯಮವನ್ನು ಸ್ವಲ್ಪ ಉದ್ದವಾಗಿಯೇ ಪಾಲಿಸಿದರು. ಕಿಟಕಿಗೆ ಬರುವ ಕುಂಟ ಕಾಗೆ, ಘಟಪ್ರಭೆಗೆ ಬಂದ ಕೆಂಪು ನೀರು, ನೆಗಡಿಯಾದರೆ ಮೂಗಿನ ಯಾವ ಹೊಳ್ಳೆ ಮೊದಲು ಕಟ್ಟುತ್ತದೆ ಅನ್ನುವುದು, ಹಿಂದಿನ ದಿನದ ಕನಸು. ಹುನಗುಂದದಲ್ಲಿ ಮಳೆ ಬಂದರೆ ಅದು ಯಾರ ಕಡೆ ಹೊರಟಿತು ಅಂತ ಪಂಥ.

ಹುನಗುಂದದ ಬೋರ್ಡಿನಲ್ಲಿ ಕೂರುತ್ತಿದ್ದ ರಾಚಯ್ಯನವರು ಮಾತ್ರ ತಮ್ಮ ಹೆಸರನ್ನು ತಾವೇ ಹೇಳಿಕೊಂಡಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ನಡುನಡುವೆ ಕೆಮ್ಮಿ ತಾವೂ ಇರುವುದನ್ನು ತಿಳಿಸುತ್ತಿದ್ದರು.

"ಏನ್ ತಂಗ್ಯಾರ, ಬಾಗಲಕೋಟ್ಯಾಗ ಬದನಿಕಾಯಿ ಅಗ್ಗ ಆದ ಸುದ್ದಿ ನನ್ನ ತೆಲಿ ಮ್ಯಾಲಿಂದನ ಹಾದು ಹೋತು. ನನಗೊಂದಿಷ್ಟು ಇಳಿಸಿ ಹೋಗಬಾರದೇನು?"

"ಕದ್ದು ಕೇಳೋರಿಗೆ ಬದನಿಕಾಯಿ ಇಲ್ರಿ, ಅಜ್ಜಾರ" ಅನ್ನುತ್ತಿತ್ತು ಬಾಗಲಕೋಟಿ.

"ಕದ್ದು ಎಲ್ಲಿ ಕೇಳಾಕತ್ತೇನಿ? ಎದ್ದು ಕೂತು ಕೇಳಾಕತ್ತೇನಿ."

ಆ ದನಿ ಒಂದು ದಿನವೂ ಸೀರೆ ಕೇಳಲಿಲ್ಲ. ಮಕ್ಕಳೆಷ್ಟು ಅಂತ ಕೇಳಲಿಲ್ಲ. ನೀಲಾಬಾಯಿಯೂ ಅವಳನ್ನು ಏನೂ ಕೇಳಲಿಲ್ಲ. ಆ ಹೊತ್ತು ಕಳೆದು ಮತ್ತೆ ಶಟರುಗಳು ಬೀಳತೊಡಗಿದಾಗ, ಬಾವಿಕಟ್ಟೆಯ ನೆರಳಲ್ಲಿ ಕುಳಿತು ಎದ್ದವಳ ಹಾಗೆ ಅವಳಿಗೆ ಹಗುರಾಗಿರುತ್ತಿತ್ತು.

ಮರುವರ್ಷ ಶ್ರಾವಣ ಬಂತು. "ಪಂಚಮಿಗೂ ನಂದು ಡ್ಯೂಟಿ ಐತ್ರಿ" ಅಂದಿತು ಬಾಗಲಕೋಟಿ, ಮಳೆಯ ಸುದ್ದಿ ಹೇಳಿದಷ್ಟೇ ಸಾದಾ ದನಿಯಲ್ಲಿ. ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡುವ ಹಬ್ಬ. ತವರಿಗೆ ಹೋಗದವಳ ಬಗ್ಗೆ ನೀಲಾಬಾಯಿಯ ಒಳಗೆ ಏನೋ ಕರಗಿತು. ಕೇಳದೇ ಇದ್ದವಳಿಗೆ ಕೊಡಬೇಕು ಅನ್ನಿಸಿತು. ಅತ್ತೆ ನೇಯ್ದು ಮಡಿಸಿಟ್ಟಿದ್ದರಲ್ಲಿ ದಾಳಿಂಬೆ ಬಣ್ಣದ ಒಂದು ಸೀರೆಯಿತ್ತು. ಆ ದನಿಗೆ ಅದೇ ಒಪ್ಪುತ್ತದೆ ಅಂತ ಆರಿಸಿದಳು.

ಅತ್ತೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಲ್ಲಿಂದಲೇ ಕತ್ತೆತ್ತಿ ಕೇಳಿದಳು. "ಯಾರಿಗವಾ ಅದು?"

"ಬಾಗಲಕೋಟಿಗೆ, ಅತ್ತಿ."

"ಊರಿಗೆ ಊರ ಸೀರಿ ಉಡಸ್ತಿಯೇನ? ಹೆಸರೇನು ಆಕಿದು?"

"ಗೊತ್ತಿಲ್ಲ."

"ಮಕ್ಕಳೆಷ್ಟು?"

"ಕೇಳಿಲ್ಲ."

"ಮತ್ತ ದಿನಾ ಅದೇನ್ ಮಾತಾಡ್ತೀರಿ?"

ನೀಲಾಬಾಯಿ ಸೀರೆಯನ್ನು ಮತ್ತೊಮ್ಮೆ ಮಡಿಸಿದಳು. ಅತ್ತೆ ಬೈದುಕೊಂಡೇ ಎದ್ದು ಬಂದಳು. ಹಬ್ಬದ ಸೀರೆಯನ್ನು ಬರಿದೇ ಕೊಡಬಾರದು ಅಂತ ಅದರ ಮಡಿಕೆಯಲ್ಲಿ ಕುಪ್ಪಸದ ಖಣ ಇಟ್ಟಳು, ಅರಿಷಿಣ-ಕುಂಕುಮದ ಪೊಟ್ಟಣ ಇಟ್ಟಳು, ಕೊಬ್ಬರಿ ಬಟ್ಟಲು, ಬಳೆ ಇಟ್ಟಳು. ಮೇಲೊಂದು ಡಬ್ಬಿ ತುಂಬ ಪಂಚಮಿಯ ಉಂಡಿ. ಮುತ್ತೈದೆಗೆ ಉಡಿ ತುಂಬುವ ಸಾಮಾನು ಪೂರಾ ಆಯಿತು.

ಲೈನ್‌ಮನ್ ಮಲೀಕಸಾಬ ಸಾಮಾನು ತರಲು ಬಾಗಲಕೋಟೆಗೆ ಹೊರಟಿದ್ದ. ಗಂಟು ಅವನ ಕೈಗೆ ಕೊಟ್ಟು, ಹಗಲು ಬೋರ್ಡಿನಲ್ಲಿ ಕೂರುವವರಿಗೆ ಕೊಡು ಅಂದಳು. ಸಂಜೆ ಅವನು ಮೀಸೆ ತಿರುವುತ್ತ ಬಂದ.

"ಆಫೀಸಿಗೆ ಹೋಗೂದ್ರಾಗ ಅವರ ಡ್ಯೂಟಿ ಮುಗದಿತ್ರಿ, ಬಾಯಾರ. ನಾ ಬಿಡ್ತೇನೇನು? ಓಣಿ ಕೇಳ್ಕೋಂತ ಹೋಗಿ ಮನಿಗೇ ಮುಟ್ಟಿಸಿ ಬಂದೆ. ಮುದುಕಿ ಒಬ್ಬಾಕಿ ಇಸ್ಕೊಂಡ್ಳು. ಗುರುಲಿಂಗವ್ವ ಅಂತ್ರಿ ನಿಮ್ಮ ಬಾಗಲಕೋಟಿಯವರ ಹೆಸರು."

ಗುರುಲಿಂಗವ್ವ. ನೀಲಾಬಾಯಿ ಆ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಅಂದು ನೋಡಿದಳು. ದನಿಗೂ ಅದಕ್ಕೂ ಹೊಂದಿಕೆಯಾಗಲಿಲ್ಲ.

ಮರುದಿನ ಮಧ್ಯಾಹ್ನ ಖುಷಿಯಿಂದಲೇ ಪ್ಲಗ್ಗು ಚುಚ್ಚಿದಳು. "ಏನ್ರಿ ಬಾಗಲಕೋಟಿ, ಮುಟ್ಟಿತೇನ್ರಿ?"

"ನಂಬರ್ ಹೇಳ್ರಿ."

"ನಂಬರ್ ಇಲ್ರಿ, ನಾ ಇಳಕಲ್..."

"ನಂಬರ್ ಇಲ್ಲಂದ್ರ ಲೈನ್ ಬಿಡ್ರಿ."

ಅದರ ಮರುದಿನವೂ ಅಷ್ಟೇ. ವಾರ ಕಳೆಯಿತು. ಟ್ರಂಕ್ ಕಾಲ್‌ಗಳು ಮೊದಲಿಗಿಂತ ಚುರುಕಾಗಿ ದಾಟುತ್ತಿದ್ದವು. ಬಾಗಲಕೋಟೆಯ ಕೆಲಸದಲ್ಲಿ ತೆಗೆಯಲು ಒಂದೂ ತಪ್ಪಿರಲಿಲ್ಲ. ನೀಲಾಬಾಯಿ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ ಹಾಗೆಯೇ ಮುಚ್ಚುತ್ತಿದ್ದಳು. ಕೊನೆಗೆ ಹುನಗುಂದದಿಂದ ಕೆಮ್ಮು ಕೇಳಿಸಿತು.

"ತಂಗೆವ್ವಾ, ಬಾಗಲಕೋಟಿ ಆಫೀಸಿನ್ಯಾಗ ಮಾತಾಡಾಕತ್ತಾರ. ಆಕಿಗೆ ಕುಂಕುಮ ಕಳಿಸಿದ್ದಿಯೇನವಾ?"

"ಹೌದ್ರಿ. ಪಂಚಮಿಗೆ ಅಂತ..."

ರಾಚಯ್ಯನವರು ದನಿ ತಗ್ಗಿಸಿದರು. "ಆಕಿ ಗಂಡ ನಮ್ಮ ಇಲಾಖ್ಯಾಗ ಲೈನ್‌ಮನ್ ಇದ್ದ. ಕಂಬದ ಮ್ಯಾಲಿಂದ ಬಿದ್ದು ತೀರ್ಕೊಂಡ. ಅದಕ್ಕ ಆಕಿಗೆ ಈ ಬೋರ್ಡಿನ ನೌಕರಿ ಕೊಟ್ಟಾರ. ನಿನಗ ಆಕಿ ಹೇಳಿಲ್ಲ ಅನ್ನೂದು ನನಗ ಗೊತ್ತಿತ್ತು. ಆಕಿನ ಹೇಳದಿದ್ದದ್ದನ್ನ ನಾ ಯಾಕ ಹೇಳ್ಲಿ ಅಂತ ಸುಮ್ನಿದ್ದೆ."

ನೀಲಾಬಾಯಿಯ ಕೈ ಪ್ಲಗ್ಗಿನ ಮೇಲೆಯೇ ಇತ್ತು. ಅರಿಷಿಣ, ಕುಂಕುಮ, ಬಳೆ, ಆ ಕೆಂಪು ಸೀರೆ ಒಂದೊಂದಾಗಿ ಕಣ್ಣ ಮುಂದೆ ಬಂದವು. ಮನೆಯಲ್ಲಿ ಗಂಟು ಇಸಿದುಕೊಂಡ ಮುದುಕಿ ಅವಳ ಅತ್ತೆಯೇ ಇರಬೇಕು ಅನ್ನುವುದೂ ಹೊಳೆಯಿತು.

ರಜೆ ಸಿಕ್ಕ ದಿನ ಬೆಳಗಿನ ಬಸ್ಸು ಹಿಡಿದು ಬಾಗಲಕೋಟೆಗೆ ಹೋದಳು. ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು ಕೇಳಿದಾಗ ತೆಳ್ಳಗಿನ, ಗಿಡ್ಡನೆಯ ಹೆಂಗಸೊಬ್ಬಳು ಎದ್ದು ಬಂದಳು. ದಪ್ಪ ಗಾಜಿನ ಕನ್ನಡಕ, ಹಣೆಯ ಮೇಲೆ ವಿಭೂತಿ, ಮಾಸಲು ಬಣ್ಣದ ಸೀರೆ.

"ನಾ ಇಳಕಲ್ರಿ" ಅಂದಳು ನೀಲಾಬಾಯಿ.

"ಬರ್ರಿ. ಕೂಡ್ರಿ."

ಹಿಂದಿನ ಕೋಣೆಯ ಬೆಂಚಿನ ಮೇಲೆ ಕುಳಿತರು. ಚಹಾ ಬಂತು. ಒಂದು ವರ್ಷಕ್ಕೂ ಮೇಲೆ ದಿನಾ ಮಾತಾಡಿದ ಇಬ್ಬರಿಗೂ ಮಾತು ಸಿಗಲೊಲ್ಲದಾಯಿತು. ನೀಲಾಬಾಯಿಗೆ ಈ ಮುಖ ಗುರುತಿರಲಿಲ್ಲ. ಗೋಡೆಯ ಕಡೆ ನೋಡುತ್ತ ಕುಳಿತಾಗ ಮಾತ್ರ ಪಕ್ಕದಿಂದ ಬರುತ್ತಿದ್ದ ದನಿ ತನಗೆ ಗೊತ್ತಿದ್ದ ಬಾಗಲಕೋಟಿಯದೇ ಅನ್ನಿಸುತ್ತಿತ್ತು.

"ನನಗ ಗೊತ್ತಿರಲಿಲ್ರಿ" ಅಂದಳು ಗೋಡೆಗೆ. "ತಪ್ಪಾತು."

"ನೀವು ಕೇಳಿರಲಿಲ್ಲ, ನಾ ಹೇಳಿರಲಿಲ್ಲ. ಅದಕ್ಕ ತಪ್ಪು ಅಂತಾರೇನ್ರಿ?" ಗುರುಲಿಂಗವ್ವ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ನಮ್ಮತ್ತಿ ಗಂಟು ಬಿಚ್ಚಿದ್ರು. ಓಣಿ ಹೆಣ್ಮಕ್ಕಳೆಲ್ಲ ಇದ್ರು. ಮುತ್ತೈದಿ ಅಂತ ಹೇಳ್ಕೋಂತ ಅಡ್ಡಾಡ್ತಿಯೇನ, ಯಾರಿಗೆ ಏನ್ ಹೇಳೀದಿ ಅಂದ್ರು. ಬಳಿ ತಗದು ಅಂಗಳಕ್ಕ ಎಸೆದ್ರು." ಕನ್ನಡಕ ಸರಿಮಾಡಿಕೊಂಡು, "ಉಂಡಿ ಮಾತ್ರ ತಿಂದ್ರರಿ. ಬೈಕೋಂತನ ತಿಂದ್ರು" ಅಂದಳು.

ನೀಲಾಬಾಯಿ ನಗಬಹುದೋ ಬಾರದೋ ತಿಳಿಯದೆ ಚಹಾ ಗುಟುಕರಿಸಿದಳು.

"ಅದರದಲ್ರಿ ನನಗ ಬ್ಯಾಸರ. ಅವರ ಮಾತು ನನಗ ರೂಢಿ ಐತಿ. ಮಧ್ಯಾಹ್ನ ಆ ಒಂದ್ ಹೊತ್ತು ನಾ ಗಂಡ ಸತ್ತಾಕಿ ಅಲ್ಲ, ಬರೇ ಬಾಗಲಕೋಟಿ. ಅದು ಗೊತ್ತಿಲ್ದಾಕಿ ಅಂದ್ರ ಈ ಭೂಮಿ ಮ್ಯಾಲೆ ನೀವೊಬ್ರ ಇದ್ರಿ. ಇನ್ನ ನೀವೂ ಪಾಪ ಅಂತೀರಿ. ಪಾಪ ಅನ್ನೋರ ಜೋಡಿ ಕಾಗಿ ಸುದ್ದಿ ಹೆಂಗ್ರಿ ಮಾತಾಡೂದು?"

"ನಾ ಅನ್ನಂಗಿಲ್ರಿ."

"ಈಗ ಅನ್ನಾಕತ್ತೀರಿ. ಮಾರಿ ಮ್ಯಾಲೆ ಐತಿ."

ಮನೆಯಿಂದ ತಂದಿಟ್ಟಿದ್ದ ಸೀರೆಯನ್ನು ಗುರುಲಿಂಗವ್ವ ಕಪಾಟಿನಿಂದ ತೆಗೆದು ಅವಳ ಮಡಿಲಲ್ಲಿ ಇಟ್ಟಳು. "ಭಾಳ ಚಂದ ಐತಿ, ಖರೆ. ಆದ್ರ ನಾ ಇಟ್ಕೊಂಡ್ರ ನಾಳೆ ನಾ ನಿಮಗೇನರೆ ಕಳಸಬೇಕು. ಆಮ್ಯಾಲೆ ಮತ್ತ ನೀವು. ಕೊಡೂದು ತಗೊಳ್ಳೂದು ನಮಗ ಓಣ್ಯಾಗ ಬೇಕಾದಷ್ಟು ಐತ್ರಿ."

ಬೋರ್ಡಿನ ಕಡೆಯಿಂದ ಯಾರೋ ಕರೆದರು. ಅವಳು ಎದ್ದಳು. ಮತ್ತೆ ಬರ್ರಿ ಅನ್ನಲಿಲ್ಲ.

ಸೀರೆಯನ್ನು ಚೀಲದಲ್ಲಿ ಇಟ್ಟುಕೊಂಡು ನೀಲಾಬಾಯಿ ಹೊರಟು ಬಂದಳು. ಮಗು ಇಲ್ಲವೆಂದು ತನಗೆ ಪಾಪ ಅನ್ನುವವರ ಮುಂದೆ ತನ್ನ ನಾಲಿಗೆ ಹೇಗೆ ಒಣಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಆ ಪಾಪ ಅನ್ನುವುದನ್ನೇ ತಾನು ಗಂಟು ಕಟ್ಟಿ ಇನ್ನೊಬ್ಬಳ ಮನೆಗೆ ಕಳಿಸಿದ್ದಳು. ನಾಳೆ ಆ ಹೊತ್ತು ಬರುತ್ತದೆ. ಆಗ ಏನೆನ್ನಬೇಕು? ಮತ್ತೊಮ್ಮೆ ತಪ್ಪಾಯಿತು ಅಂದರೆ ಅದೂ ಪಾಪ ಅಂದಂತೆಯೇ ಆಗುತ್ತದೆ. ಅತ್ತೆ ಬೈದರೇನ್ರಿ ಅಂದರೂ ಅದೇ. ಏನೂ ಅನ್ನದಿದ್ದರೆ ಲೈನು ಹೀಗೆಯೇ ಉಳಿಯುತ್ತದೆ.

ಮರುದಿನ ಬಜಾರು ಬಾಗಿಲೆಳೆಯಿತು. ಅವಳು ಪ್ಲಗ್ಗು ಚುಚ್ಚಿದಳು. ಆಚೆ ಉಸಿರು ಕೇಳಿಸಿತು. "ನಂಬರ್..." ಅಂತ ಶುರುವಾಗುವ ಮೊದಲೇ ಮಾತಾಡಿದಳು.

"ನಿನ್ನಿ ಬಸ್ಸಿನ್ಯಾಗ ನನ್ನ ಬಾಜೂಕ ಕುಂತಾಕಿ ಉಡ್ಯಾಗ ಒಂದ್ ಹುಂಜ ಇತ್ರಿ. ಅಮೀನಗಡ ದಾಟೂತನಾ ನನ್ನ ಕಿವಿಯಾಗ ಕೂಗೇ ಕೂಗ್ತು. ನಾ ಒಂದೀಟು ಸರದ್ರ ಅದೂ ಸರೀತಿತ್ತು."

ತಂತಿ ಸುಮ್ಮನೆ ಗುಂಯ್ ಅನ್ನುತ್ತಿತ್ತು. ಹುನಗುಂದದಲ್ಲಿ ರಾಚಯ್ಯನವರು ಕೆಮ್ಮು ಕೂಡ ತಡೆದುಕೊಂಡು ಕುಳಿತಿರಬೇಕು. ಹೇಳಲು ಮುಂದೇನೂ ಇರಲಿಲ್ಲ. ಅದೊಂದು ಹುಂಜದ ಸುದ್ದಿ, ಅಷ್ಟೇ.

"ಎಂಥಾ ಹುಂಜರಿ?" ಅಂತ ಕೇಳಿತು ಬಾಗಲಕೋಟಿ. "ಜವಾರಿದೋ, ಫಾರ್ಮಿಂದೋ?"

"ಜವಾರಿದ್ರಿ. ಕುತಿಗಿಗೆ ಪುಕ್ಕ ಇರಲಿಲ್ಲ."

"ಯವ್ವಾ, ಬೋಳ ಕುತಿಗೀದೇನ್ರಿ! ಅದು ಭಾಳ ಸಿಟ್ಟಿನ ಜಾತಿ. ನಿಮ್ಮನ್ನ ಕುಕ್ಕಲಿಲ್ಲೇನು?"

"ಕುಕ್ಕಾಕ ಬಂತ್ರಿ. ಚೀಲ ಅಡ್ಡ ಹಿಡಿದೆ."

"ಚೀಲದಾಗ ಸೀರಿ ಇತ್ತಲ್ರಿ?"

"ಇತ್ರಿ. ಅದರ ಮ್ಯಾಲೆ ಎರಡು ಕುಕ್ಕು ಬಿದ್ದಾವು."

ಆಚೆ ಕಡೆ ನಗು ಒಮ್ಮೆಲೇ ಬಂತು, ತಡೆಯಲು ನೋಡಿ, ತಡೆಯಲಾಗದೆ ಮತ್ತೆ ಬಂತು. ನೀಲಾಬಾಯಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಅದನ್ನು ಕೇಳಿದಳು. ಆಮೇಲೆ ಹುಂಜದ ಬಾಲ ಯಾವ ಬಣ್ಣದ್ದು ಅಂತ ಪ್ರಶ್ನೆ ಬಂತು. ಅದನ್ನು ಅವಳು ಸಾವಕಾಶವಾಗಿ ಹೇಳತೊಡಗಿದಳು.